ಜೇಬು ಖಾಲಿ ಮಾಡುವವರು ಯಾರು?

ಈ ಲೇಖನ ಬರೆಯುವ ಮೊದಲು ನಮ್ಮ ಆಪಾಳನ್ನು ಕೇಳಿದೆ. "ಬರಿ. ಆದರೆ ನನ್ನ ಹೆಸರು ಹಾಕಬೇಡ, ನಿನ್ನ ಹೆಸರು ಮಾತ್ರ ದಪ್ಪಕ್ಷರದಲ್ಲಿ ಹಾಕಿಸು" ಅಂದಳು. ಆದ್ದರಿಂದ ಇಲ್ಲಿ ಅವಳು ಬರೀ ಆಪಾ. ದಪ್ಪಕ್ಷರದ ವಿಷಯ ಸಂಪಾದಕರಿಗೆ ಬಿಟ್ಟದ್ದು.

ನಮ್ಮ ಮನೆಯಲ್ಲಿ ಒಂದು ವಾಷಿಂಗ್ ಮಿಷಿನ್ ಇದೆ. ಮೂರು ವರ್ಷದ ಹಿಂದೆ ಅಮ್ಮಿ ಚೀಟಿ ಎತ್ತಿದ ಹಣದಲ್ಲಿ ತಂದದ್ದು. ಬೆಲೆ 16,500 ರೂಪಾಯಿ, ಮೇಲಿನಿಂದ ಬಟ್ಟೆ ಹಾಕುವ ಬಗೆಯದು, ಆರೂವರೆ ಕೆ.ಜಿ. ಅದು ಮನೆಗೆ ಬಂದ ದಿನ ದಾದಿ ಅದರ ಮೇಲೆ ಒಂದು ಕಸೂತಿ ಬಟ್ಟೆ ಹೊದಿಸಿದರು. ಅವತ್ತಿನಿಂದ ನಾವೆಲ್ಲ ಅದನ್ನು "ಅಮ್ಮಿಯ ಮಿಷಿನ್" ಅಂತಲೇ ಕರೆಯುತ್ತಿದ್ದೆವು. ಅಬ್ಬಾನ ಬೈಕು, ಅಮ್ಮಿಯ ಮಿಷಿನ್. ಬೈಕಿನ ಮೇಲೆ ಅಮ್ಮಿಯೂ ಕೂರುತ್ತಾರೆ, ಮಿಷಿನ್‌ನಲ್ಲಿ ನಮ್ಮೆಲ್ಲರ ಬಟ್ಟೆಯೂ ಒಗೆಯುತ್ತದೆ. ಆದರೂ ಹೆಸರು ಹಾಗೆ.

ನವೆಂಬರ್ ತಿಂಗಳ ಒಂದು ಭಾನುವಾರ ಆ ಮಿಷಿನ್ ಕೆಟ್ಟಿತು. ಕೆಟ್ಟ ರೀತಿ ವಿಚಿತ್ರವಾಗಿತ್ತು. ನೀರು ಬೀಳುವ ಸದ್ದು ಬರುತ್ತಲೇ ಇತ್ತು, ಮಿಷಿನ್ ಮಾತ್ರ ತುಂಬುತ್ತಿರಲಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಪಕ್ಕದ ಮನೆಯವರು ಬಂದು, ನಿಮ್ಮ ಮೋರಿಯಲ್ಲಿ ಹೊಳೆ ಹರಿಯುತ್ತಿದೆ ನೋಡಿ ಅಂದರು. ಓಡಿಹೋಗಿ ನೋಡಿದರೆ ಮೇಲಿನಿಂದ ಬಿದ್ದ ನೀರೆಲ್ಲ ಕೆಳಗಿನ ಪೈಪಿನಿಂದ ಹಾಗೇ ಹೊರಗೆ ಹೋಗುತ್ತಿತ್ತು. ತಾರಸಿಯ ಮೇಲಿನ ಟ್ಯಾಂಕು ಖಾಲಿ. ಅವತ್ತು ನಲ್ಲಿ ನೀರು ಬರುವ ದಿನವೂ ಅಲ್ಲ.

ಮನೆಯಲ್ಲಿ ತೀರ್ಪು ಐದೇ ನಿಮಿಷದಲ್ಲಿ ಆಗಿಹೋಯಿತು. ಅದಕ್ಕೆ ಒಂದು ತಿಂಗಳ ಹಿಂದೆ ದಾದಿಗೆ ಮಿಷಿನ್‌ನ ಒಳಗೆ ಒಂದು ಗುಂಡುಪಿನ್ನು ಸಿಕ್ಕಿತ್ತು. ಆಪಾ ದುಪಟ್ಟಾಗೆ ಹಾಕುತ್ತಾಳಲ್ಲ, ಮುತ್ತಿನ ತಲೆಯ ಪಿನ್ನು, ಅದು. "ಇವಳ ಪಿನ್ನೇ ಎಲ್ಲೋ ಸಿಕ್ಕಿಕೊಂಡಿದೆ" ಅಂದರು ದಾದಿ. ಅಬ್ಬಾ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ಒಪ್ಪಿಗೆ ಆಯಿತು. ಆಪಾ ಮೊದಲ ದಿನ ವಾದ ಮಾಡಿದಳು. ತನ್ನ ಪಿನ್ನಿನ ಡಬ್ಬಿ ತಂದು ಎಲ್ಲರೆದುರು ಎಣಿಸಿಯೂ ತೋರಿಸಿದಳು. ಎರಡನೆಯ ದಿನ ಸುಮ್ಮನಾದಳು. ಮೂರನೆಯ ದಿನದಿಂದ ಬಚ್ಚಲಲ್ಲಿ ಕೂತು ಆರು ಜನರ ಬಟ್ಟೆಯನ್ನು ಕೈಯಲ್ಲಿ ಒಗೆಯಲು ಶುರು ಮಾಡಿದಳು. ಅಮ್ಮಿಗೆ ಮಂಡಿನೋವು, ಕೆಳಗೆ ಕೂರಲು ಆಗುವುದಿಲ್ಲ. ಇನ್ನು ಉಳಿದವರು ಯಾರು? ಅಬ್ಬಾ, ಭಾಯಿ, ನಾನು. ನಮ್ಮ ಮೂವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಾವೂ ನೆನಪು ಮಾಡಲಿಲ್ಲ.

ರಿಪೇರಿಯವರು ಬರಲು ಎಂಟು ದಿನ ಹಿಡಿಯಿತು. ಬಂದವರು ಬಿಚ್ಚಿ ನೋಡಿ, ವಾಲ್ವ್ ಹೋಗಿದೆ, ಬೆಂಗಳೂರಿಂದ ತರಿಸಬೇಕು ಅಂದರು. ಅದಕ್ಕೆ ಇನ್ನೂ ಒಂಬತ್ತು ದಿನ. ಒಟ್ಟು ಹದಿನೇಳು ದಿನ. ಮೊದಲ ದಿನ ಬಿಚ್ಚಿದಾಗಲೇ ಸತ್ಯ ಹೊರಗೆ ಬಂದಿತ್ತು. ಅವರು ಮಿಷಿನ್ ಅನ್ನು ಒಂದು ಬದಿಗೆ ವಾಲಿಸಿ, ಕೆಳಗಿನ ಪೈಪು ಕಳಚಿ, ಕೈ ಹಾಕಿ ಒಂದೊಂದೇ ತೆಗೆದು ನೆಲದ ಮೇಲೆ ಇಡುತ್ತಾ ಹೋದರು. ಎರಡು ರೂಪಾಯಿಯ ಒಂದು ನಾಣ್ಯ. ಗೊಂಬೆ ಗಾಡಿಯ ಚಕ್ರಕ್ಕೆ ಹಾಕುವ ಮರದ ಗೂಟ ಮೂರು. ಒಂದು ಸ್ಕ್ರೂ. ಅಡಕೆ ಪುಡಿಯ ಪ್ಯಾಕೆಟ್ಟಿನ ಚೂರು (ಅದು ಯಾರದು ಅಂತ ಇವತ್ತಿಗೂ ಮನೆಯಲ್ಲಿ ಯಾರೂ ಕೇಳಿಲ್ಲ, ಭಾಯಿಯ ಮುಖ ಮಾತ್ರ ನೋಡುವ ಹಾಗಿತ್ತು). ಕೊನೆಗೆ ವಾಲ್ವ್‌ನ ಬಾಯಿಗೇ ಅಡ್ಡ ಸಿಕ್ಕಿಕೊಂಡಿದ್ದ ಒಂದು ವಸ್ತುವನ್ನು ಇಕ್ಕಳದಿಂದ ಎಳೆದರು. ತೊಳೆದು ನನ್ನ ಅಂಗೈಗೆ ಇಟ್ಟು, "ತಮ್ಮಾ, ನಿಮ್ಮ ಕಾಲೇಜಿಂದೇ ಅಲ್ವಾ ಇದು?" ಅಂದರು.

ನಮ್ಮ ಕಾಲೇಜಿನ ಬ್ಯಾಡ್ಜು. ನಿಮ್ಮೆಲ್ಲರ ಅಂಗಿಯ ಮೇಲೆ ಈಗ ಇರುವಂಥದ್ದೇ. ಆಗಸ್ಟಿನಲ್ಲಿ ನಾನು ಕಳೆದುಹೋಯಿತು ಅಂತ ಆಫೀಸಿನಲ್ಲಿ ಅರ್ಜಿ ಬರೆದು ಹೊಸದು ತೆಗೆದುಕೊಂಡಿದ್ದೆನಲ್ಲ, ಅದು. ಹಿಂದಿನ ಪಿನ್ನು ಬಿಚ್ಚಿಕೊಂಡು ಒಳಗಿನ ಪ್ಲಾಸ್ಟಿಕ್ಕನ್ನು ಗೀರಿತ್ತು. ವಾಲ್ವಿನ ರಬ್ಬರು ಹರಿದಿತ್ತು.

ಆಮೇಲೆ ನಡೆದದ್ದಕ್ಕಾಗಿಯೇ ನಾನು ಈ ಲೇಖನ ಬರೆಯುತ್ತಿರುವುದು. ನನಗೆ ಯಾರೂ ಬೈಯಲಿಲ್ಲ. ದಾದಿ ನನ್ನ ತಲೆ ಸವರಿ, "ಹೋಗಲಿ ಬಿಡು, ಹುಡುಗ, ಮರೆತಿರುತ್ತಾನೆ" ಅಂದರು. ಅಬ್ಬಾ ಎಷ್ಟಾಗುತ್ತದೆ ಅಂತ ದುಡ್ಡಿನ ಮಾತಾಡಿದರು. ಆಪಾಳ ಪಿನ್ನು ಒಂದೂ ಅಲ್ಲಿ ಇರಲಿಲ್ಲ. ಆದರೂ ಅವಳಿಗೆ ಎಂಟು ದಿನ ಕೇಳಿಸಿದ್ದು "ಅಜಾಗರೂಕತೆ", "ನಾಳೆ ಅತ್ತೆ ಮನೆಗೆ ಹೋದರೆ ಏನು ಗತಿ". ಅದೇ ತಪ್ಪು ನನ್ನದು ಅಂತ ಗೊತ್ತಾದಾಗ ಅದರ ಹೆಸರು "ಮರೆವು" ಆಯಿತು. ಆಪಾ ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ಕೇಳಿದಳು, ಬಕೆಟ್ ತೆಗೆದುಕೊಂಡು ತಾರಸಿಗೆ ಹೋದಳು. ನಾನು ಅವತ್ತು ಅವಳ ಹಿಂದೆ ಹೋಗಲಿಲ್ಲ. ಹೋಗಬೇಕಿತ್ತು.

ಆ ರಿಪೇರಿ ಅಣ್ಣ ಎರಡನೆಯ ಸಲ ಬಂದಾಗ ನಾನು ಪಕ್ಕದಲ್ಲೇ ಕೂತು ಟಾರ್ಚ್ ಹಿಡಿದೆ. ತಪ್ಪಿನ ಭಾರ ಇಳಿಸಿಕೊಳ್ಳಲು ಅಂತ ಕೂತದ್ದು, ಆದರೆ ತುಂಬ ಕಲಿತೆ. ಈ ಮಿಷಿನ್‌ನಲ್ಲಿ ಒಂದಲ್ಲ, ಎರಡು ಪಾತ್ರೆ ಇರುತ್ತವೆ. ನಮಗೆ ಕಾಣುವುದು ತೂತು ತೂತಿನ ಸ್ಟೀಲಿನ ಒಳಪಾತ್ರೆ. ಅದರ ಹೊರಗೆ ನೀರು ಹಿಡಿದಿಡುವ ಪ್ಲಾಸ್ಟಿಕ್ಕಿನ ಇನ್ನೊಂದು. ನಡುವೆ ಸಂದು. ಬಟ್ಟೆಯನ್ನು ಅಂಚಿನ ತನಕ ತುರುಕಿದಾಗ, ಜೇಬಿನಿಂದ ಬಿದ್ದ ಸಣ್ಣ ಸಾಮಾನು ಅಂಚು ದಾಟಿ ಆ ಸಂದಿಗೆ ಇಳಿಯುತ್ತದೆ. ಇಲ್ಲವೇ ತಳದಲ್ಲಿ ತಿರುಗುವ ತಟ್ಟೆಯ ಕೆಳಗೆ ನುಸುಳುತ್ತದೆ. ಅಲ್ಲಿಂದ ನೀರು ಹೋಗುವ ದಾರಿಗೆ. ಅಲ್ಲಿರುವ ವಾಲ್ವ್ ಒಗೆಯುವಾಗ ಮುಚ್ಚಿರಬೇಕು, ಕೊನೆಗೆ ತೆರೆಯಬೇಕು. ಒಂದು ನಾಣ್ಯ ಅಡ್ಡ ಬಂದರೂ ಪೂರ್ತಿ ಮುಚ್ಚುವುದಿಲ್ಲ, ಮೇಲಿಂದ ಬಂದ ನೀರು ಕೆಳಗೆ ಹೋಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ. ನೀರು ಹೊರಹಾಕಲು ಪಂಪು ಇರುವ ಮಿಷಿನ್‌ನಲ್ಲಾದರೆ ಅದೇ ನಾಣ್ಯ ಪಂಪಿನ ರೆಕ್ಕೆಗೆ ಸಿಕ್ಕಿ ಪಂಪು ನಿಲ್ಲುತ್ತದೆ, ನೀರು ಒಳಗೇ ಉಳಿಯುತ್ತದೆ. ಮುಂದಿನಿಂದ ಬಾಗಿಲಿರುವ ಮಿಷಿನ್‌ಗಳಲ್ಲಿ ಸಾಮಾನ್ಯವಾಗಿ ಕೆಳಗೆ ಒಂದು ಸಣ್ಣ ಮುಚ್ಚಳ, ಅದರೊಳಗೆ ಜಾಲರಿ ಇರುತ್ತದೆ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಪ್ಲಗ್ ಕಿತ್ತು, ಕೆಳಗೆ ತಟ್ಟೆ ಇಟ್ಟು, ಒಂದು ಸಲ ತೆಗೆದು ನೋಡಿ.

ಹಿಂಡುವ ಹೊತ್ತಿನಲ್ಲಿ ನಮ್ಮ ಮಿಷಿನ್ ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆ. ಪಾತ್ರೆಯ ಅಡ್ಡಗಲ ಅರ್ಧ ಮೀಟರ್ ಅಂತ ಇಟ್ಟುಕೊಂಡು ವಿಜ್ಞಾನ ವಿಭಾಗದ ಗೆಳೆಯನೊಬ್ಬ ಲೆಕ್ಕ ಹಾಕಿಕೊಟ್ಟ: ಅಂಚಿನಲ್ಲಿರುವ ನಾಣ್ಯದ ವೇಗ ಗಂಟೆಗೆ 66 ಕಿ.ಮೀ. 1,200 ಸುತ್ತಿನ ಮಿಷಿನ್ ಆದರೆ 113. ನಮ್ಮೂರ ಪಕ್ಕದ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೇ 100ರ ಮಿತಿ ಇದೆ. ಒಂದು ಸ್ಕ್ರೂ ಆ ವೇಗದಲ್ಲಿ ಪ್ಲಾಸ್ಟಿಕ್ಕಿಗೋ ರಬ್ಬರಿಗೋ ತಾಗಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಚನ್ನಪಟ್ಟಣದ ಮನೆಗಳಿಗೆ ಬೇರೆಯದೇ ಒಂದು ತೊಂದರೆ ಇದೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಗೊಂಬೆ ಕೆಲಸ. ಅಬ್ಬಾ ದಿನವಿಡೀ ಲೇತಿನ ಮುಂದೆ ಇರುತ್ತಾರೆ. ಹಾಲೆ ಮರ ಕಡೆಯುವಾಗ ಹಾರುವ ಹೊಟ್ಟು ಅಂಗಿಯ ಜೇಬು, ಪ್ಯಾಂಟಿನ ಮಡಿಕೆ, ಬನಿಯನ್ ಎಲ್ಲದರಲ್ಲೂ ತುಂಬಿರುತ್ತದೆ. ಅದನ್ನು ಕೊಡವದೆ ಮಿಷಿನ್‌ಗೆ ಹಾಕಿದರೆ ನೀರಲ್ಲಿ ನೆನೆದು, ನೂಲು ಕೂದಲಿನ ಜೊತೆ ಸೇರಿ, ಗಂಜಿಯ ಹಾಗೆ ಗಟ್ಟಿಯಾಗಿ ಜಾಲರಿಯಲ್ಲಿ ಕೂರುತ್ತದೆ. ಬಣ್ಣದ ಅರಗು ಇನ್ನೊಂದು ಥರ. ಅದು ನೀರಿನಲ್ಲಿ ಕರಗುವುದಿಲ್ಲ, ಬಿಸಿಗೆ ಮೆತ್ತಗಾಗುತ್ತದೆ. ಲೇತಿನ ಮೇಲೆ ಗೊಂಬೆಗೆ ಬಣ್ಣ ಹತ್ತುವುದೇ ಆ ಗುಣದಿಂದ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅದು ಹರಡುತ್ತದೆ. ಗೊಂಬೆಗೆ ಅಂದ, ಬಿಳಿ ಜುಬ್ಬಕ್ಕೆ ಅಲ್ಲ. ಅಂಗಿಗೆ ಅಂಟಿದ ಅರಗಿನ ಚೂರನ್ನು ಬಿಸಿನೀರಿನ ಒಗೆತಕ್ಕೆ ಹಾಕಿದರೆ ಅದು ಪಕ್ಕದ ಬಟ್ಟೆಗೂ ಅಂಟಿಕೊಳ್ಳಬಹುದು. ಶುಕ್ರವಾರದ ನನ್ನ ಬಿಳಿ ಕುರ್ತಾದ ಬೆನ್ನಿನಲ್ಲಿ ಒಂದು ಕೆಂಪು ಚುಕ್ಕೆ ಇದೆ. ಹೇಗೆ ಬಂತು ಅಂತ ಈಗ ಗೊತ್ತಾಯಿತು.

ನಮ್ಮ ಮಾಮು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಅವರು ಊರಿಗೆ ಬಂದಾಗ ಪೆಟ್ರೋಲ್ ವಾಸನೆಯ ಅಂಗಿಯನ್ನೂ ಅದೇ ಮಿಷಿನ್‌ಗೆ ಹಾಕಿದ್ದುಂಟು. ಇದರಲ್ಲಿ ಮಾತ್ರ ತಮಾಷೆ ಇಲ್ಲ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಹತ್ತಿದ ಬಟ್ಟೆಯ ಆವಿ ಮುಚ್ಚಿದ ಡ್ರಮ್ಮಿನಲ್ಲಿ ತುಂಬಿಕೊಳ್ಳುತ್ತದೆ. ಮೋಟಾರು, ಸ್ವಿಚ್ಚುಗಳ ಒಂದು ಕಿಡಿ ಸಾಕು. ಮಿಷಿನ್‌ನ ಜೊತೆ ಬರುವ ಪುಸ್ತಕದಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬೇಡ ಅಂದಿರುತ್ತಾರೆ. ಮೊದಲು ಹೊರಗೆ ಗಾಳಿಗೆ ಹಾಕಿ, ಬೇರೆ ನೀರಿನಲ್ಲಿ ಕೈಯಲ್ಲಿ ಒಗೆದು, ವಾಸನೆ ಪೂರ್ತಿ ಹೋಗದ ಬಟ್ಟೆಯನ್ನು ಮಿಷಿನ್‌ನ ಹತ್ತಿರ ತರಲೇಬಾರದು.

ಆ ಪುಸ್ತಕವನ್ನು ನಾನು ಮೂರು ವರ್ಷದಲ್ಲಿ ಮೊದಲ ಸಲ ಓದಿದೆ. ಅದು ದಾದಿಯ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಕೆಳಗೆ, ಕವರು ಕೂಡ ಹರಿಯದ ಹಾಗೆ ಭದ್ರವಾಗಿತ್ತು. ನನಗೆ ಅತಿ ಆಶ್ಚರ್ಯವಾದದ್ದು ರೇನ್‌ಕೋಟಿನ ವಿಷಯ. ರೇನ್‌ಕೋಟು, ರೆಕ್ಸಿನ್, ಮೇಜಿನ ಪ್ಲಾಸ್ಟಿಕ್ ಹಾಸು, ಮಗುವಿನ ಹಾಸಿಗೆಯ ರಬ್ಬರ್ ಶೀಟು, ಇವೆಲ್ಲ ನೀರು ಬಿಡದ ವಸ್ತುಗಳು. ಮೆತ್ತಗಿವೆ, ಹಗುರ, ಏನು ಮಹಾ ಅನ್ನಿಸುತ್ತದೆ. ಆದರೆ ಅವು ಒಗೆಯುವಾಗ ಚೀಲದ ಹಾಗೆ ನೀರು ತುಂಬಿಕೊಳ್ಳುತ್ತವೆ. ಹಿಂಡುವಾಗ ಆ ನೀರು ಹೊರಗೆ ಹೋಗಲಾರದೆ ಒಂದೇ ಬದಿಗೆ ನಿಲ್ಲುತ್ತದೆ. ಪಾತ್ರೆಯ ಒಂದು ಕಡೆ ಭಾರ, ಇನ್ನೊಂದು ಕಡೆ ಖಾಲಿ, ಆ ವೇಗದಲ್ಲಿ ಮಿಷಿನ್ ಕುಣಿಯಲು ಶುರು ಮಾಡುತ್ತದೆ, ಒಡೆಯಲೂಬಹುದು. ಕಳೆದ ಮಳೆಗಾಲದಲ್ಲಿ ನಮ್ಮ ಮಿಷಿನ್ ಬಚ್ಚಲಿಂದ ಬಾಗಿಲ ತನಕ "ನಡೆದು" ಬಂದಿತ್ತು. ದಾದಿ ಅವತ್ತು ನೀಲಗಿರಿ ಎಣ್ಣೆ ಹಚ್ಚಿಕೊಂಡು ಮಲಗಿದರು. ಒಳಗೆ ಇದ್ದದ್ದು ನನ್ನ ರೇನ್‌ಕೋಟು.

ರಬ್ಬರ್ ಅಂಟಿಸಿದ ಕಾಲೊರೆಸು ಕೂಡ ಹೀಗೇ. ಹಿಂದಿನ ರಬ್ಬರು ಪುಡಿಪುಡಿಯಾಗಿ ಉದುರಿ ಪೈಪು ಕಟ್ಟುತ್ತದೆ. ಸ್ಪಂಜು ಹಾಕಿದ ದಪ್ಪ ಜಾನಮಾಜ್‌ಗಳು ಈಗ ಬರುತ್ತಿವೆಯಲ್ಲ, ಅವನ್ನು ಮಿಷಿನ್‌ಗೆ ಹಾಕದೆ ಹರಡಿ ಕೈಯಲ್ಲಿ ಒಗೆಯುವುದೇ ಒಳ್ಳೆಯದು. ತೆಳ್ಳನೆಯದಾದರೂ ಅಂಚಿನ ಕುಚ್ಚು ಸುತ್ತಿಕೊಳ್ಳುತ್ತದೆ. ಹತ್ತಿ ತುಂಬಿದ ರಜಾಯಿಯನ್ನಂತೂ ಆರೂವರೆ ಕೆ.ಜಿ. ಮಿಷಿನ್‌ಗೆ ತುರುಕಬೇಡಿ. ಆ ಆರೂವರೆ ಒಣಬಟ್ಟೆಯ ತೂಕ, ನೀರು ಕುಡಿದ ರಜಾಯಿಯನ್ನು ಇಬ್ಬರು ಎತ್ತಬೇಕು. ಜರಿ, ಚಮಕಿ, ಮಣಿ ಇರುವ ಈದ್ ಬಟ್ಟೆಗೆ ಜಾಲರಿ ಚೀಲ ಸಿಗುತ್ತದೆ.

ಪೌಡರಿನ ವಿಷಯದಲ್ಲಿ ನಾನು ಅಮ್ಮಿಯ ಪಕ್ಷವನ್ನು ಪೂರ್ತಿ ವಹಿಸಲಾರೆ. ನೊರೆ ಜಾಸ್ತಿ ಬಂದರೆ ಬಟ್ಟೆ ಚೊಕ್ಕ ಅಂತ ಅವರ ನಂಬಿಕೆ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು, ನೊರೆ ಬೇಗ ಏಳುವುದಿಲ್ಲ, ಅದಕ್ಕೆ ಇನ್ನೊಂದು ಹಿಡಿ ಸುರಿಯುತ್ತಾರೆ. ಅದೂ ಬಕೆಟ್‌ಗೆ ಹಾಕುವ ಪೌಡರು. ನೊರೆ ಹೆಚ್ಚಾದರೆ ಬಟ್ಟೆಗೆ ಬಟ್ಟೆ ಉಜ್ಜುವುದು ಕಡಿಮೆಯಾಗುತ್ತದೆ, ಕರಗದ ಪೌಡರು ತಟ್ಟೆಯ ಕೆಳಗೆ ಕರಿ ಪಾಚಿಯಾಗಿ ನಿಲ್ಲುತ್ತದೆ. ಅಣ್ಣ ಆ ತಟ್ಟೆ ಎತ್ತಿದಾಗ ಬಂದ ವಾಸನೆಗೆ ಅಮ್ಮಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಅಂದಿನಿಂದ ಅಳತೆಯ ಚಮಚ ಬಂದಿದೆ. ನೀರು ಬಿಸಿ ಮಾಡುವ ಮಿಷಿನ್ ಇದ್ದರೆ ಗಡಸು ನೀರಿನ ಸುಣ್ಣದಂಥ ಪೊರೆ ಹೀಟರಿನ ಮೇಲೂ ಕೂರುತ್ತದೆ. ಇಸ್ತ್ರಿ ಮಾಡದ ಮುಖದ ಹಾಗೆ ಕಾಣುವ ನಮ್ಮ ಗೀಸರಿನ ಕಾಯಿಲ್ ನೋಡಿದವರಿಗೆ ಇದು ಗೊತ್ತು.

ಈಗ ದುಡ್ಡಿನ ಮಾತು, ನಾನು ವಾಣಿಜ್ಯದ ವಿದ್ಯಾರ್ಥಿ ತಾನೆ. ರಿಪೇರಿಗೆ 2,850 ರೂಪಾಯಿ ಆಯಿತು. ವಾಲ್ವ್, ಕೂಲಿ, ಎರಡು ಸಲ ಬಂದ ಖರ್ಚು ಸೇರಿ. ನನಗೆ ಮೊದಲು ಹೊಳೆದದ್ದು ವ್ಯವಹಾರ ಅಧ್ಯಯನದ ಗ್ರಾಹಕ ರಕ್ಷಣೆಯ ಪಾಠ. 2019ರ ಕಾಯ್ದೆ, ಆರು ಹಕ್ಕುಗಳು, 1915 ಸಹಾಯವಾಣಿ, ಜಿಲ್ಲಾ ಆಯೋಗ, ಎಲ್ಲ ಬಾಯಿಪಾಠ ಇತ್ತು. ಅಂಗಡಿಯವರ ಮೇಲೆ ದೂರು ಕೊಡೋಣ ಅಂತ ಜೋರಾಗಿ ಹೇಳಿದೆ. ಆಪಾ ವಾರಂಟಿ ಕಾರ್ಡು ತಂದು ನನ್ನ ಮುಂದೆ ಇಟ್ಟಳು. ಒಳಗೆ ಹೊರಗಿನ ವಸ್ತು ಹೋಗಿ ಆದ ಹಾನಿಗೆ ಕಂಪನಿ ಹೊಣೆಯಲ್ಲ ಅಂತ ಅದರಲ್ಲಿತ್ತು. ಹೇಗೂ ಅವಧಿಯೂ ಮುಗಿದಿತ್ತು. "ಆ ಪಾಠದಲ್ಲಿ ಗ್ರಾಹಕನ ಜವಾಬ್ದಾರಿಗಳು ಅಂತಲೂ ಒಂದು ಭಾಗ ಇತ್ತಲ್ಲ, ಅದು ಪರೀಕ್ಷೆಗೆ ಬರಲ್ವಾ?" ಅಂದಳು. ಅವಳು ಬಿ.ಕಾಂ. ಮುಗಿಸಿದವಳು, ವಾದದಲ್ಲಿ ಗೆಲ್ಲಲು ಆಗುವುದಿಲ್ಲ.

ಲೆಕ್ಕಶಾಸ್ತ್ರದಲ್ಲಿ ನಾವು ಕಲಿತ ಸ್ಥಿರ ಕಂತಿನ ಪದ್ಧತಿಯಲ್ಲಿ ಸವಕಳಿ ಹಾಕಿ ನೋಡಿದೆ. ಕೊಂಡ ಬೆಲೆ 16,500, ಹತ್ತು ವರ್ಷದ ಬಾಳಿಕೆ, ಕೊನೆಗೆ ಗುಜರಿಗೆ 1,500. ಅಂದರೆ ವರ್ಷಕ್ಕೆ 1,500 ರೂಪಾಯಿ, ತಿಂಗಳಿಗೆ 125. ಒಂದು ಬ್ಯಾಡ್ಜು ಸುಮಾರು ಎರಡು ವರ್ಷದ ಸವಕಳಿಯಷ್ಟು ಹಣ ತಿಂದಿತು. ರಿಪೇರಿ ರಾಜಸ್ವ ವೆಚ್ಚ, ಲಾಭನಷ್ಟದ ಖಾತೆಗೆ ಹೋಗುತ್ತದೆ. ಇಷ್ಟು ಬರೆದು ಅಡ್ಡಗೆರೆ ಎಳೆದೆ. ಆಗ ಒಂದು ಕಲಂ ಬಿಟ್ಟುಹೋಗಿದೆ ಅನ್ನಿಸಿತು.

ಹದಿನೈದು ದಿನ, ದಿನಕ್ಕೆ ಎರಡು ಗಂಟೆ. ಮೂವತ್ತು ಗಂಟೆ ಆಪಾ ಬಚ್ಚಲಲ್ಲಿ ಕೂತಿದ್ದಳು. ಅವಳು ಆಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಬೆಳಿಗ್ಗೆ ಆರರಿಂದ ಎಂಟು ಅವಳ ಓದಿನ ಹೊತ್ತು, ಅದೇ ಒಗೆಯುವ ಹೊತ್ತೂ ಆಯಿತು, ಯಾಕೆಂದರೆ ಬಿಸಿಲು ಬರುವ ಮೊದಲು ಬಟ್ಟೆ ತಾರಸಿಗೆ ಹೋಗಬೇಕು. ಪರೀಕ್ಷೆ ಬರೆದು ಬಂದು, ಎರಡು ಅಧ್ಯಾಯ ಮುಟ್ಟಲೇ ಇಲ್ಲ ಅಂದಳು. ಬಟ್ಟೆಯಿಂದಾಗಿ ಅಂತ ಅವಳು ಹೇಳಲಿಲ್ಲ. ನಾನೇ ಲೆಕ್ಕ ಹಾಕಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಬಂದರೆ ಅದು ಅವಳ ಬುದ್ಧಿವಂತಿಕೆ, ಬರದಿದ್ದರೆ ಅದರಲ್ಲಿ ನನ್ನ ಪಾಲೂ ಇರುತ್ತದೆ.

ಆ ಮೂವತ್ತು ಗಂಟೆಯನ್ನು ಯಾವ ಖಾತೆಗೆ ಬರೆಯುವುದು? ಪ್ರಥಮ ಪಿಯುಸಿಯಲ್ಲಿ ನಮಗೆ ಹಣ ಮಾಪನ ಪರಿಕಲ್ಪನೆ ಅಂತ ಒಂದಿತ್ತು. ಹಣದ ರೂಪದಲ್ಲಿ ಅಳೆಯಬಹುದಾದ ವ್ಯವಹಾರ ಮಾತ್ರ ಪುಸ್ತಕಕ್ಕೆ ಬರುತ್ತದೆ, ಉಳಿದದ್ದು ಬರುವುದಿಲ್ಲ. ಎರಡು ಅಂಕದ ಪ್ರಶ್ನೆ. ಅದನ್ನು ಬರೆಯುವಾಗ ಎಂದೂ ಏನೂ ಅನ್ನಿಸಿರಲಿಲ್ಲ. ನಮ್ಮ ಮನೆಯ ಪುಸ್ತಕಕ್ಕೆ 2,850 ಬಂತು, ಆಪಾ ಬರಲೇ ಇಲ್ಲ. ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಿದ್ದರು, ಅದರಲ್ಲಿ ತೊಡಗುವ ಗಂಡಸರು 97 ನಿಮಿಷ. ಗಂಡಸರಲ್ಲಿ ಹಾಗೆ ತೊಡಗುವವರೇ ನೂರಕ್ಕೆ 26 ಜನ. ನಾನು ಉಳಿದ 74ರಲ್ಲಿ ಇದ್ದೆ.

ನಮ್ಮ ಬೆಂಚಿನಲ್ಲಿ ಇದನ್ನು ಹೇಳಿದಾಗ ಒಬ್ಬ ಗೆಳೆಯ, "ಮಿಷಿನ್ ಇದೆಯಲ್ಲೋ, ಅವರಿಗೇನು ಕೆಲಸ? ಬಟನ್ ಒತ್ತೋದು ತಾನೆ" ಅಂದ. ನಾನೂ ಹಾಗೇ ತಿಳಿದಿದ್ದೆ. ಈಗ ಎರಡು ತಿಂಗಳಿಂದ ಶನಿವಾರದ ಒಗೆತ ನನ್ನದು, ಅದಕ್ಕೆ ಧೈರ್ಯವಾಗಿ ಹೇಳುತ್ತೇನೆ. ಬಟನ್ ಒತ್ತುವುದು ಕೆಲಸದ ಕೊನೆಯೂ ಅಲ್ಲ, ಮೊದಲೂ ಅಲ್ಲ. ಬಣ್ಣ ಬಿಡುವುದನ್ನು ಬೇರೆ ಮಾಡಬೇಕು. ಕಾಲರಿಗೆ ಸೋಪು ಉಜ್ಜಬೇಕು. ಕಾಲುಚೀಲ ಒಳಹೊರಗು ತಿರುಗಿಸಬೇಕು. ಕರೆಂಟು ಹೋದರೆ ಎಲ್ಲಿಗೆ ನಿಂತಿತ್ತು ಅಂತ ನೋಡಬೇಕು. ಒದ್ದೆ ಬಟ್ಟೆ ಹೊತ್ತು ಎರಡು ಮಹಡಿ ಹತ್ತಬೇಕು, ಕೋತಿ ಬಂದರೆ ಓಡಬೇಕು, ಸಂಜೆ ಮಡಿಸಬೇಕು. ಎಲ್ಲಕ್ಕಿಂತ ಬೇಸರದ ಕೆಲಸ ಬೇರೆಯವರ ಜೇಬಿಗೆ ಕೈ ಹಾಕುವುದು. ಒದ್ದೆಯಾದ ಕರವಸ್ತ್ರ, ಬಸ್ ಟಿಕೆಟ್ಟಿನ ಉಂಡೆ, ಅರ್ಧ ತಿಂದ ಚಾಕೊಲೇಟು. ಭಾಯಿಯ ಪ್ಯಾಂಟಿನಲ್ಲಿ ಏನೇನು ಸಿಗುತ್ತದೆ ಅಂತ ಇಲ್ಲಿ ಬರೆದರೆ ಮನೆಗೆ ಹೋಗುವಂತಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಅಂಗಿ ಯಾರು ಹಾಕಿದರೋ ಜೇಬು ಅವರೇ ಖಾಲಿ ಮಾಡಬೇಕು. ಜೇಬು ಅನ್ನುವ ಮಾತು ನಮ್ಮ ಮನೆಯ ಉರ್ದುವಿನಲ್ಲೂ ಇದೆ, ನಿಮ್ಮ ಮನೆಯ ಕನ್ನಡದಲ್ಲೂ ಇದೆ, ಆದ್ದರಿಂದ ಅರ್ಥವಾಗಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಗಮನಿಸಿ ನೋಡಿ, ಆಪಾಳ ಚೂಡಿದಾರಕ್ಕೆ ಹೆಚ್ಚಾಗಿ ಜೇಬೇ ಇರುವುದಿಲ್ಲ. ಅಮ್ಮಿಯ ಸೀರೆಗೆ ಇಲ್ಲ, ದಾದಿಗೂ ಇಲ್ಲ. ಮನೆಯ ಜೇಬುಗಳೆಲ್ಲ ನಮ್ಮವು, ಅವನ್ನು ತಡಕುವ ಕೈಗಳು ಮಾತ್ರ ಜೇಬಿಲ್ಲದವರವು. ಒಂದು ನಾಣ್ಯ ಅವರ ಕಣ್ಣು ತಪ್ಪಿದರೆ ತಪ್ಪು ಅವರದಾಗುತ್ತದೆ. ಅಂಗಡಿಯ ಕ್ಯಾಷಿಯರನಿಗೂ ನಾವು ಇಂಥ ಹೊಣೆ ಹೊರಿಸುವುದಿಲ್ಲ.

ಅಬ್ಬಾ ದಣಿದು ಬರುತ್ತಾರೆ, ನಿಜ. ಹತ್ತು ಗಂಟೆ ಲೇತಿನ ಮುಂದೆ ಕೂತವರಿಗೆ ಜೇಬು ತಿರುಗಿಸಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ, ಇವತ್ತಿಗೂ ಹೇಳಿಲ್ಲ. ಮಿಷಿನ್ ಸರಿಯಾಗಿ ಬಂದ ವಾರ ಅವರೇ ಕೆಲಸದ ಕೊಠಡಿಯ ಬಾಗಿಲಲ್ಲಿ ನಿಂತು ಅಂಗಿ ಬಿಚ್ಚಿ ಕೊಡವಿ, ಮೂರು ಗೂಟ ತೆಗೆದು ಗೂಡಿನಲ್ಲಿ ಇಟ್ಟರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ. ಮಾತಾಡಿ ತಿದ್ದಲು ಆಗದ್ದು ಕೆಲವು ಇರುತ್ತವೆ. ಆದರೆ ನಾನು ಹತ್ತು ಗಂಟೆ ಲೇತಿನ ಮುಂದೆ ಕೂರುವುದಿಲ್ಲ, ನೀವೂ ಕೂರುವುದಿಲ್ಲ. ನಮಗೆ ಯಾವ ನೆಪವೂ ಇಲ್ಲ.

ಅಧ್ಯಾಪಕರಲ್ಲಿಯೂ ಒಂದು ಕೋರಿಕೆ. ಪಿನ್ನಿನ ಬ್ಯಾಡ್ಜಿನ ಬದಲು ಅಂಗಿಗೆ ಹೊಲಿಯುವ ಬಟ್ಟೆಯ ಲಾಂಛನ ಕೊಡಬಹುದೇ ಎಂದು ಮುಂದಿನ ಸಭೆಯಲ್ಲಿ ಯೋಚಿಸಬೇಕು. ಬ್ಯಾಡ್ಜಿನ ಮೇಲೆ ತಪ್ಪು ಹೊರಿಸಿ ಪಾರಾಗಲು ನೋಡುತ್ತಿದ್ದಾನೆ ಅಂತ ಆಪಾ ಇದನ್ನು ಓದಿ ನಕ್ಕಳು. ಇರಲಿ. ನನ್ನಂಥ ಮರೆಗುಳಿಗಳು ಈ ಕಾಲೇಜಿನಲ್ಲಿ ಒಬ್ಬನೇ ಇರಲಾರ.

ಮಿಷಿನ್ ಮೇಲಿನ ಕಸೂತಿ ಬಟ್ಟೆಯನ್ನು ದಾದಿ ತೆಗೆದಿದ್ದಾರೆ. ಅಲ್ಲಿ ಈಗ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಬಟ್ಟೆ ಹಾಕುವವರು ಮೊದಲು ಜೇಬು ಹೊರಗೆ ಎಳೆದು ಸಿಕ್ಕಿದ್ದನ್ನು ಅದರಲ್ಲಿ ಹಾಕಬೇಕು. ದುಡ್ಡು ಸಿಕ್ಕಿದರೆ ಅದು ಆಪಾಳಿಗೆ, ಇದು ಅವಳೇ ಮಾಡಿದ ಕಾನೂನು. ಈ ಶನಿವಾರ ಡಬ್ಬಿಯಲ್ಲಿ ಇದ್ದದ್ದು: ಭಾಯಿಯ ಬೈಕಿನ ಒಂದು ನಟ್ಟು, ಸೀಮೆಸುಣ್ಣದ ತುಂಡು, ಹದಿನೇಳು ರೂಪಾಯಿ ಚಿಲ್ಲರೆ, ಮುತ್ತಿನ ತಲೆಯ ಒಂದು ಪಿನ್ನು. ಪಿನ್ನನ್ನು ಹಾಕಿದವಳು ಆಪಾ. ನಾನು ಅದನ್ನು ತೆಗೆದು ಅವಳ ಡಬ್ಬಿಯಲ್ಲಿ ಇಟ್ಟು ಬಂದೆ, ಯಾರಿಗೂ ಹೇಳಲಿಲ್ಲ.